ಕಾಲು ತೊಳೆದ ಶನಿವಾರ

ಸಂಶಿ ಊರಿನ ಒಂದು ಓಣಿಯ ತುದಿಯಲ್ಲಿ ಮಿಶನ್ನಿನವರ ಕಲಿಕಾ ಕೇಂದ್ರವಿದೆ. ಹೆಸರು ದೊಡ್ಡದು, ಇರುವುದು ತಗಡು ಹೊದಿಸಿದ ಒಂದೇ ಖೋಲಿ. ಐವತ್ತೆಂಟು ವರ್ಷದ ಸುವಾರ್ತಾ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ವಯಂಸೇವಕಿ. ಅಂದರೆ ಕಸ ಹೊಡೆಯುವವಳೂ ಅವಳೇ, ಮಗ್ಗಿ ಹೇಳಿಸುವವಳೂ ಅವಳೇ, ಮೂಗು ಒರೆಸುವವಳೂ ಅವಳೇ. ಶಾಲೆ ಬಿಟ್ಟ ಮೇಲೆ ಮೂವತ್ತು ಮಕ್ಕಳು ಬಂದು, ಅವಲಕ್ಕಿ ತಿಂದು, ಪಾಠ ಬರೆದು, ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಹೇಳಿ ಮನೆಗೆ ಹೋಗುತ್ತವೆ. ಪ್ರಾರ್ಥನೆಗೆ ಓಣಿಯವರ ತಕರಾರಿಲ್ಲ. ಹುಡುಗರಿಗೆ ಲೆಕ್ಕ ಬಂದರೆ ಸಾಕು, ದೇವರ ಹೆಸರು ಯಾವುದಾದರೇನು ಎನ್ನುವ ಜನ.

ಫೆಬ್ರುವರಿಯ ಒಂದು ಶನಿವಾರ ಹುಬ್ಬಳ್ಳಿಯಿಂದ ಆರು ಜನ ಸ್ವಯಂಸೇವಕರು ಬಂದರು. ಅವರ ಮುಂದಾಳು ಕಿರಣಕುಮಾರ, ಹುರುಪಿನ ಹುಡುಗ. ಬೈಬಲಿನಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ ತಾವೂ ಮಕ್ಕಳ ಕಾಲು ತೊಳೆಯುತ್ತೇವೆ ಎಂದ. ಹಿರಿಯರು ಕಾಲು ಮುಟ್ಟಿದರೆ ಕಿರಿಯರಿಗೆ ಪಾಪ ಎಂದು ಈ ಊರು ನಂಬುತ್ತದೆ. ಸುವಾರ್ತಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾನೆ, ಯಾಕೆ ಎಂದು ಹೇಳಿದರೆ ಮೂಢನಂಬಿಕೆ ಎನ್ನುತ್ತಾನೆ, ಆಮೇಲೆ ಅರ್ಧ ತಾಸು ವಾದ. ಅವಳಿಗೆ ಸಾಕಾಗಿಹೋಗಿತ್ತು. "ಆತು, ಮಾಡ್ರಿ" ಎಂದು ಟವೆಲ್ ಹಿಡಿದು ನಿಂತಳು.

ಬಂದವರಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು, ಎಪ್ಪತ್ತು ವರ್ಷದ, ತಲೆ ಬೆಳ್ಳಗಾದ ಹೆಂಗಸು. ಅವರು ನೆಲಕ್ಕೆ ಕುಳಿತು ಹತ್ತನೆಯ ಇಯತ್ತೆಯ ಮಲ್ಲಿಕಾಳ ಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ, ಹುಡುಗಿಯನ್ನು ಕರೆಯಲು ಬಂದ ಅವಳ ಅಜ್ಜಿ ಹನಮವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ನುಗ್ಗಿ ಮೊಮ್ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಸೋಮವಾರ ಹನ್ನೊಂದೇ ಮಕ್ಕಳು ಬಂದವು. ಉಳಿದವು ಇಂದಲ್ಲ ನಾಳೆ ಬಂದಾವು, ಅವಲಕ್ಕಿಯಾದರೂ ಕರೆತರುತ್ತದೆ. ಸುವಾರ್ತಾಳ ಜೀವ ಹೊಯ್ದಾಡಿದ್ದು ಮಲ್ಲಿಕಾಳಿಗಾಗಿ. ಪರೀಕ್ಷೆಗೆ ಮೂರೇ ವಾರ. ಆ ಹುಡುಗಿ ತಾನಾಗಿ ಪಾಸಾಗುವವಳಲ್ಲ, ದಿನಾ ಎದುರಿಗೆ ಕೂಡಿಸಿ ತಿದ್ದಿದರೆ ಗಣಿತದಲ್ಲಿ ಹೇಗೋ ದಾಟಿಯಾಳು. ನಾಳೆಯಿಂದ ಹನಮವ್ವ ಅವಳನ್ನು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಕರೆದೊಯ್ಯುತ್ತಾಳಂತೆ ಎಂದು ಮಕ್ಕಳು ಹೇಳಿದವು. ಮಾಡಿದ್ದುಣ್ಣೋ ಮಹಾರಾಯ ಎಂದು ತನ್ನನ್ನೇ ಬೈದುಕೊಂಡು ಸುವಾರ್ತಾ ಬಿಸಿಲಲ್ಲೇ ಹೊರಟಳು. ಎಷ್ಟು ಮನೆಯ ಬಾಗಿಲಿಗೆ ಹೀಗೆ ಹೋಗಿದ್ದಳೋ! ಇದೇ ಕೊನೆಯದಾಗಲಿ ಎಂದು ಪ್ರತಿಸಲವೂ ಅನಿಸುತ್ತಿತ್ತು.

ಹನಮವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಅಷ್ಟ ಹಿರೇ ಹೆಣಮಗಳು ನಮ್ಮ ಹುಡುಗಿ ಕಾಲ ತೊಳದ್ಲು. ನೀವು ಬಾಜೂಕ ಟವೆಲ್ ಹಿಡ್ಕೊಂಡ ನಿಂತಿದ್ರಿ. ಹಿಂತಾ ಪಾಪ ಹೊತ್ತ ಹುಡುಗಿ ಉದ್ಧಾರ ಆಕ್ಕಾಳೇನ್ರಿ, ಅಕ್ಕೋರ?"

"ನಮ್ಮ ಸ್ವಾಮಿನೂ ಶಿಷ್ಯರ ಕಾಲ ತೊಳದಿದ್ದ, ಹನಮವ್ವ."

"ತೊಳದಿರಬೇಕು. ದೇವರು ಏನರ ಮಾಡ್ಲಿ, ಅವಗ ನಡೀತೈತಿ. ನಾವು ಮನಶ್ಯಾರು."

ಸುವಾರ್ತಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. "ತಪ್ಪು ನಂದ ಐತಿ. ನನಗ ಎಲ್ಲಾ ಗೊತ್ತಿತ್ತು. ದಣದಿದ್ದೆ, ಬ್ಯಾಡ ಅನ್ನಾಕ ಆಗಲಿಲ್ಲ. ಅಕೀನ್ನ ಕಳಸ್ರಿ, ನಿಮ್ಮ ಕೈ ಮುಗೀತೀನಿ."

ಹನಮವ್ವ ಮೊರ ಕೆಳಗಿಟ್ಟಳು. "ಹಂಗಾರ ಪಾಪ ಕಳೀಬೇಕು. ಆ ಮುದುಕೀನ್ನ ಎಲ್ಲಿಂದ ತರೂಣು? ನೀವರ ಅದೀರಲ್ಲ, ಗುರುಗಳು. ಅಕಿ ನಿಮ್ಮ ಕಾಲ ತೊಳದು ನಮಸ್ಕಾರ ಮಾಡ್ಲಿ. ಆಮ್ಯಾಲ ಕರ್ಕೊಂಡ ಹೋಗ್ರಿ."

ಇಷ್ಟು ವರ್ಷ ಯಾವ ಮಗು ಬಗ್ಗಿದರೂ ಸುವಾರ್ತಾ ಕಾಲು ಹಿಂದೆಳೆದುಕೊಂಡಿದ್ದಳು. ಮನುಷ್ಯರಿಗೆ ಅಡ್ಡಬೀಳಬಾರದು ಎಂದು ಕಲಿಸಿದ್ದವಳೂ ಅವಳೇ. ದೇವರು ಏನೆಂದುಕೊಂಡಾನು ಎಂದು ಒಂದು ಗಳಿಗೆ ನಿಂತಳು. ಪರೀಕ್ಷೆಗೆ ಮೂರೇ ವಾರ ಎಂಬುದು ನೆನಪಾಯಿತು. ಕಟ್ಟೆಯ ಮೇಲೆ ಕುಳಿತು ಕಾಲುಚೀಲ ಬಿಚ್ಚಿದಳು.

ಒಳಗಿನಿಂದ ಬಂದ ಮಲ್ಲಿಕಾ ತಂಬಿಗೆಯಿಂದ ನೀರು ಸುರಿದವಳು ಗಕ್ಕನೆ ನಿಂತಳು. "ಆಯಿ, ಇಲ್ಲಿ ನೋಡಬೇ."

ಬಲಗಾಲಿನ ಅಂಗಾಲಲ್ಲಿ ರೂಪಾಯಿಯಷ್ಟಗಲದ ಹುಣ್ಣು. ಅಂಚು ಕಪ್ಪಾಗಿತ್ತು, ನಡುವೆ ಕೀವು ಕಟ್ಟಿತ್ತು.

"ಯಾವಾಗಿಂದ ಐತ್ರಿ ಇದು?" ಹನಮವ್ವ ಕೇಳಿದಳು.

"ದೀಪಾವಳಿಯಿಂದ. ಶುಗರ್ ಐತಿ ನನಗ."

"ಮಿಶನ್ನಿನವರಿಗೆ ಹೇಳೀರಿಲ್ಲೋ?"

"ಹೇಳಿದ್ರ ಮನಿಗೆ ಹೋಗು ಅಂತಾರ. ಪರೀಕ್ಷಾ ಮುಗೀಲಿ ಅಂತ ಸುಮ್ಮನಿದ್ದೆ."

 ಹನಮವ್ವ ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿ, ತಾನೇ ನೆಲಕ್ಕೆ ಕುಳಿತು, ಆ ಕಾಲನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ಅವಳು ಸುವಾರ್ತಾಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು.

"ಬ್ಯಾಡ್ರಿ, ನೀವು ಹಿರೇರು!" ಸುವಾರ್ತಾ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು. "ಪಾಪ ನನಗ ಬರತೈತಿ."

"ಬಂದ್ರ ಬರಲಿ, ಸುಮ್ನ ಕುಂದರ್ರಿ." ಹನಮವ್ವ ಕಾಲು ಬಿಡದೆ ಸೆರಗಿನ ಅಂಚು ಒದ್ದೆ ಮಾಡಿ ಹುಣ್ಣಿನ ಸುತ್ತ ಮೆಲ್ಲಗೆ ಒರೆಸತೊಡಗಿದಳು. ಸುವಾರ್ತಾ ಮಗುವಿನ ಹಾಗೆ ಅತ್ತುಬಿಟ್ಟಳು, ಹುಡುಗಿ ನೋಡುತ್ತಿದ್ದಾಳೆ ಎಂಬ ನಾಚಿಕೆಯೂ ಆಗಲಿಲ್ಲ.

"ನಾಳಿ ಮುಂಜಾನೆ ದವಾಖಾನಿಗೆ ಹೋಗೂಣು, ನಾನೂ ಬರ್ತೀನಿ. ಕೂಲಿ ಎಲ್ಲೂ ಓಡಿ ಹೋಗೂದಿಲ್ಲ," ಎಂದ ಹನಮವ್ವ ಮೊಮ್ಮಗಳ ಕಡೆ ತಿರುಗಿದಳು. "ಏನ ನೋಡ್ತೀಯಲೇ, ಲೆಕ್ಕದ ಪುಸ್ತಕ ತಗೊಂಡ ಬಾ. ಅಕ್ಕೋರು ಇಲ್ಲೇ ಕುಂತ ಹೇಳ್ತಾರ."