ಹಾಲಿನ ಬಟ್ಟಲಲ್ಲಿ ಇರುವೆ

ಎರಿಯೋ ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ನನ್ನ ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ನನಗೆ ಕಂಡದ್ದು ಆ ಉಗುರೊಂದೇ. ಗೀರಿದರೆ? ಬಾಗಿಲಲ್ಲಿ ನಿಂತು ಕಾವಲು ಕಾದೆ. ಗೀರಲಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ.

ನಾರಾಯಣಪೇಟೆಯ ನನ್ನ ತವರಿನ ಓಣಿಯಲ್ಲಿ ಬಾಣಂತಿಗೂ ಕೂಸಿಗೂ ನೀರೆರೆಯಲು ಬರುತ್ತಿದ್ದವರು ಅವರು. ಅದಕ್ಕೇ ಆ ಹೆಸರು. ನಿಜವಾದ ಹೆಸರನ್ನು ಓಣಿ ಮರೆತೇಬಿಟ್ಟಿತ್ತು. ಮಾತು ಕಡಿಮೆ. ಕೂಸಿನ ಜೊತೆ ಮಾತ್ರ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹರಟೆ. ಕೂಸಿಗೆ ಚಳಿಯೇ, ಹಸಿವೆಯೇ ಎಂದು ಯಾರಾದರೂ ಚರ್ಚೆಗಿಳಿದರೆ, "ಕೂಸಿನ ಮಾತು ಕೂಸಿಗೇ ಕೇಳ್ರಿ" ಎನ್ನುವರು.

ಅನುಮಾನ ನನ್ನ ಹುಟ್ಟುಗುಣ. ಕಾಯಿಪಲ್ಲೆಯವನ ತಕ್ಕಡಿಯನ್ನು ಎರಡು ಸಲ ನೋಡುವವಳು ನಾನು. ಹೆತ್ತ ಮೇಲೆ ಅದು ಹದ್ದು ಮೀರಿತು. ಮೊಲೆತೊಟ್ಟು ಸೀಳಿ ರಕ್ತ ಬರುತ್ತಿತ್ತು. ಮಗಳು ಬಾಯಿ ಹಾಕುವಳು, ಬಿಡುವಳು, ಚೀರುವಳು. ನಾನು ಗೋಡೆಗೆ ಮುಖ ಮಾಡಿ ಅಳುವೆ. ನಾನು ತನ್ನ ತಾಯಿ ಹೌದೋ ಅಲ್ಲವೋ ಎಂದು ಕೂಸೂ ಅನುಮಾನ ಪಡುತ್ತಿದೆ ಅನ್ನಿಸುತ್ತಿತ್ತು. ಎತ್ತಿಕೊಳ್ಳಲು ಕೈಯೇ ಬಾರದು.

ಎರಿಯೋ ಅಮ್ಮನಿಗೆ ಇನ್ನೊಂದು ಚಾಳಿ ಇತ್ತು. ಬಂದವರೇ ಒಳಗೆ ಬರುತ್ತಿರಲಿಲ್ಲ. ಅಂಗಳದ ಹಗ್ಗದಲ್ಲಿ ಒಣಗುವ ಕೂಸಿನ ಲಂಗೋಟಿಗಳ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಆಮೇಲೆ ಬುಟ್ಟಿಯಲ್ಲಿದ್ದ ಹಸಿಯವನ್ನೂ ಕೆದಕಿ ನೋಡುವರು.

"ಏನ್ ಎಣಸ್ತೀರಿ?" ಎಂದು ಕೇಳಿದೆ.

"ಏನಿಲ್ಲವ್ವ" ಎಂದರು.

ಆ 'ಏನಿಲ್ಲ' ನನ್ನನ್ನು ಚುಚ್ಚಿತು. ಅವ್ವನಿಗೆ, "ಈಕಿನ್ನ ಬಿಡಸು, ಮನಿ ಸುದ್ದಿ ಹೊರಗ ಒಯ್ತಾಳ" ಎಂದೆ. ಅವ್ವ, "ಹುಚ್ಚಿ, ನಿನಗೂ ಎರದಾಕಿ ಆಕೀನೇ" ಎಂದು ನಕ್ಕಳು.

ಹನ್ನೆರಡನೆಯ ದಿನ ಮಖ್ತಲ್‌ನಿಂದ ನನ್ನ ಅತ್ತೆ ಬಂದರು. ಚೀಲದಲ್ಲಿ ಹಾಲಿನ ಪುಡಿಯ ಡಬ್ಬಿ. ನನ್ನ ಕಷ್ಟವನ್ನು ಗಂಡನಿಗೂ ಹೇಳಿರಲಿಲ್ಲ. ಇವರಿಗೆ ಹೇಳಿದವರು ಯಾರು? ನಾಲ್ಕು ದಿನದ ಹಿಂದಷ್ಟೇ ಎರಿಯೋ ಅಮ್ಮ ಮಖ್ತಲ್‌ಗೆ ಮದುವೆಗೆಂದು ಹೋಗಿ ಬಂದಿದ್ದರು. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅತ್ತೆ ಬಟ್ಟಲು ತರಿಸಿದರು. ಹಳೆಯ ಮನೆಗಳಲ್ಲಿ ಒಂದು ಪರೀಕ್ಷೆ ಇದೆ. ಬಾಣಂತಿಯ ಹಾಲು ಹಿಂಡಿ ಅದರಲ್ಲಿ ಇರುವೆ ಬಿಡುವುದು. ಈಜಿ ಅಂಚಿಗೆ ಬಂದರೆ ಹಾಲು ಒಳ್ಳೆಯದು, ಸತ್ತರೆ ನಂಜು, ಕೂಸಿಗೆ ಕೊಡಬಾರದು. ನನ್ನ ಹಾಲಿನಲ್ಲಿ ಇರುವೆ ಸ್ವಲ್ಪ ಹೊತ್ತು ಕಾಲು ಬಡಿಯಿತು, ಆಮೇಲೆ ಸುಮ್ಮನಾಯಿತು.

"ಇವತ್ತಿಂದ ಮೊಲಿ ಬಿಡಿಸ್ರಿ. ಡಬ್ಬಿ ಹಾಲೇ ಗತಿ" ಎಂದರು ಅತ್ತೆ. ಬಿ.ಎಸ್ಸಿ ಓದಿದ ನಾನು ಆ ಇರುವೆಯನ್ನು ನಂಬಿದೆ. ತಪ್ಪು ನನ್ನೊಳಗೇ ಇತ್ತಲ್ಲ ಎಂದು ಒಂದು ಥರ ನಿರಾಳವೂ ಆಯಿತು. ಅದನ್ನು ನೆನೆದರೆ ಈಗಲೂ ನಾಚಿಕೆ.

ಎರಿಯೋ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಚ್ಚಲಿಂದ ಬಂದರು. ಇನ್ನೆರಡು ಬಟ್ಟಲು ಕೇಳಿದರು. ಒಂದರಲ್ಲಿ ಕೊಡದ ನೀರು, ಇನ್ನೊಂದರಲ್ಲಿ ಅತ್ತೆಯೇ ಕಲಸಿದ ಡಬ್ಬಿ ಹಾಲು. ಎರಡಕ್ಕೂ ಒಂದೊಂದು ಇರುವೆ ಬಿಟ್ಟರು. ಎರಡೂ ಸತ್ತವು.

"ಯಕ್ಕಾ, ನೀರೂ ನಂಜಾತೇನ್ರಿ?" ಎಂದರು ಮೆಲ್ಲಗೆ. "ಮೊನ್ನಿ ಏಳು ಲಂಗೋಟಿ ಹಸಿಯಾಗಿದ್ದು, ನಿನ್ನಿ ಎಂಟು. ಹೊಟ್ಟಿಗೆ ಹಾಲು ಹೋಗದ ಕೂಸು ಇಷ್ಟು ಉಚ್ಚಿ ಎಲ್ಲಿಂದ ತರ್ತೈತ್ರಿ?"

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.

ಮರುದಿನ ನನಗೆ ಎರೆಯುವಾಗ ನೇರವಾಗಿ ಕೇಳಿದೆ, "ನಮ್ಮ ಅತ್ತೀಗೆ ಹೇಳಿದಾಕಿ ನೀವೇನ್ರಿ?"

"ಹೂನವ್ವ, ನಾನೇ. ಹುಡುಗಿ ಭಾಳ ಅಳ್ತಾಳ, ಬಂದು ನೋಡ್ರಿ ಅಂದೆ. ನಾ ಅಂದದ್ದು ನಿನಗ, ಅವರು ಕೂಸು ಹಸದು ಅಳ್ತೈತಿ ಅಂತ ತಿಳದ್ರು. ಹಾಲಿನ ಮಾತು ನಾ ಆಡಿಲ್ಲ." ತಂಬಿಗೆ ಕೆಳಗಿಟ್ಟು ಹೇಳಿದರು, "ನನ್ನ ಹಾಲಿನಾಗೂ ಇರುವಿ ಸತ್ತಿತ್ತು. ಚೊಚ್ಚಲ ಮಗ. ಆಡಿನ ಹಾಲು ಕುಡಿಸಿದ್ರು. ಹದಿನೈದು ದಿನಕ್ಕ ಹೋದ. ನಾನೂ ಇರುವೀನ್ನೇ ನಂಬಿದ್ದೆ ನೋಡು."

ಬಿಸಿನೀರಿನ ಹಬೆಯಲ್ಲಿ ಇಬ್ಬರೂ ಅತ್ತೆವು. ಆಮೇಲೆ ಕೂಸನ್ನು ತಂದು ನನ್ನ ಎದೆಗೆ ಒರಗಿಸಿ ತೋರಿಸಿದರು. "ತುದಿ ಅಷ್ಟೇ ಕೊಟ್ರ ಸೀಳ್ತೈತಿ. ಬಾಯಿ ಅಗಲ ತೆರೀಲಿ, ತಡಿ. ಹಾಂ, ಈಗ." ನಾಲ್ಕೈದು ದಿನದಲ್ಲಿ ಗಾಯ ಮಾಯಿತು. ನನ್ನ ಅಳು ಮಾತ್ರ ನಿಲ್ಲಲಿಲ್ಲ. "ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದು ಆಟೋದಲ್ಲಿ ಕೂರಿಸಿಕೊಂಡು ದವಾಖಾನೆಗೆ ಕರೆದೊಯ್ದರು. ಹೆತ್ತವರಿಗೆ ಹೀಗಾಗುವುದುಂಟು, ವಾಸಿಯಾಗುತ್ತದೆ ಎಂದು ಡಾಕ್ಟರಮ್ಮ ನನ್ನನ್ನು ಕೆಲವು ವಾರ ಕರೆಸಿಕೊಂಡು ಮಾತಾಡಿಸಿದರು. ಆ ಸುದ್ದಿಯನ್ನೂ ಎರಿಯೋ ಅಮ್ಮ ಮಖ್ತಲ್‌ಗೆ ಮುಟ್ಟಿಸಿದರು. ಅಂದಿನಿಂದ ಅತ್ತೆ ಫೋನ್ ಮಾಡಿದರೆ ಮೊಮ್ಮಗಳ ಸುದ್ದಿಗೆ ಮೊದಲು "ನೀ ಉಂಡೀಯೇನು?" ಎಂದು ಕೇಳತೊಡಗಿದರು.

ಹೋದ ವರ್ಷ ಎರಿಯೋ ಅಮ್ಮ ತೀರಿಕೊಂಡರು. ಮಗಳನ್ನು ಕರೆದುಕೊಂಡು ಅವರ ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಅವರ ಸೊಸೆಯ ಮುಂದೆ ತೀರಿಹೋದ ಆ ಚೊಚ್ಚಲ ಮಗನ ಮಾತೆತ್ತಿದೆ. ಆಕೆ ನನ್ನ ಮುಖ ನೋಡಿದಳು. "ಹಂಗ್ಯಾವುದೂ ಇಲ್ಲಲ್ಲಕ್ಕ. ನಮ್ಮ ಅತ್ತೀಗೆ ಮೂವರು ಮಕ್ಕಳು. ಚೊಚ್ಚಲದವರೇ ನಮ್ಮ ಮನಿಯವರು. ಮೂವರೂ ಇಲ್ಲೇ ಅದಾರ."

ಸೊಸೆಗೆ ಗೊತ್ತಿರಲಿಲ್ಲವೋ, ಬೇರೊಬ್ಬ ಬಾಣಂತಿಯ ದುಃಖವನ್ನು ಅವರು ತಮ್ಮದೆಂದು ಹೇಳಿದರೋ. ಪಕ್ಕದ ಕೋಣೆಯಲ್ಲಿ ಅವರ ತಂಗಿ ಕೂತಿದ್ದರು. ಕೇಳಿದ್ದರೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗ ಸತ್ತ ಎಂಬ ಮಾತನ್ನು ನಮ್ಮ ಕಡೆಯ ಯಾವ ತಾಯಿಯೂ ಸುಳ್ಳಿಗೂ ಆಡುವುದಿಲ್ಲ. ಅವರು ಆಡಿದ್ದೇ ಆದರೆ ನನಗಾಗಿ ಆಡಿದರು. ನಾನು ಏನನ್ನೂ ಕೇಳದೆ ಎದ್ದು ಬಂದೆ.