ಲಟಕಪ್ಪನವರು ತೊಲೆ ಮುರಿದದ್ದು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತ ಕೂತವರಿಗೆ ನಗುವ ಚೈತನ್ಯ ಇರುವುದಿಲ್ಲ. ಆದರೂ ಆ ದಿನ ಅಲ್ಲಿದ್ದ ಐದಾರು ಜನ ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಕ್ಕರು. ಯಾವ ಮರ ಎಷ್ಟು ಭಾರ ತಾಳುತ್ತದೆ ಎಂದು ಪರೀಕ್ಷೆ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಮನುಷ್ಯರೊಬ್ಬರು, ಪಕ್ಕದವರಿಗೆ ಆ ವಿದ್ಯೆಯನ್ನೇ ವಿವರಿಸುತ್ತಿರುವಾಗ, ಕೂತ ಕುರ್ಚಿಯ ಕಾಲು ಲಟಕ್ಕನೆ ಮುರಿದು ನೆಲ ಸೇರಿದ್ದರು.

ಬಿದ್ದವರು ಏಳಬೇಕು ತಾನೆ? ಇವರು ಏಳಲಿಲ್ಲ. ಕೂತಲ್ಲೇ ಮುರಿದ ಕಾಲನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, "ಆಹಾ!" ಎಂದರು. ಜೊತೆಗೆ ಬಂದಿದ್ದ ಹೆಂಡತಿ ಹಳೆಯ ವಾರಪತ್ರಿಕೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದು, ಈ ಮನುಷ್ಯ ತನಗೆ ಏನೂ ಆಗಬೇಕಾಗಿಲ್ಲ ಎಂಬಂತೆ ಓದತೊಡಗಿದಳು. ಪತ್ರಿಕೆ ತಲೆಕೆಳಗಾಗಿತ್ತು.

"ಇವಳೇ, ನೋಡಿಲ್ಲಿ! ರಬ್ಬರ್ ಮರ. ತಿರುಳಿನ ಪಕ್ಕದ್ದು, ಸಾಲದ್ದಕ್ಕೆ ಒಂದು ಗಂಟು ಬೇರೆ. ಸರಿಯಾಗಿ ಗಂಟಿನ ಹತ್ರಾನೇ ಹೋಗಿದೆ!"

"ಹೋಗಿರೋದು ಮಾನ. ಎದ್ದೇಳಿ ಮೊದಲು," ಎಂದಿತು ಪತ್ರಿಕೆ.

ಮೂಲೆಯಲ್ಲಿ ಕೂತಿದ್ದ ದಪ್ಪ ಮೀಸೆಯ ಹಿರಿಯರೊಬ್ಬರು ಕೇಳಿದರು: "ನೆಟ್ಟು ಬೆಳೆಸಿದ ಮರ ತಾನೇ ಅದು? ಕಾಡಿನದಲ್ವಲ್ಲ?"

"ಹೌದು ಸಾರ್, ತೋಪಿನದೇ."

"ಅದಕ್ಕೇ ಟೋಪಿ ಹಾಕ್ತು!" ಎಂದು ಹಿರಿಯರು ಜೋರಾಗಿ ನಗಲು ಹೋಗಿ, ಹಲ್ಲು ಚುಳುಕ್ಕೆಂದು, ಅರ್ಧ ನಗೆಯನ್ನು ನುಂಗಿಕೊಂಡರು.

ಹೆಂಡತಿ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿದಳು. ಮೀಸೆಯವರು ಯಾರೆಂದು ಅವಳಿಗೆ ಗೊತ್ತಿತ್ತು. ಊರಿನಲ್ಲಿ ಕಟ್ಟುತ್ತಿದ್ದ ಹೊಸ ವಾಚನಾಲಯದ ಸಮಿತಿಗೆ ಅವರು ಅಧ್ಯಕ್ಷರು. ಜೀವಮಾನವಿಡೀ ಕಟ್ಟಡ ಕಟ್ಟಿಸಿದವರು. ಆ ವಾಚನಾಲಯದ ಸೂರಿಗೆ ನೆಟ್ಟ ಮರದ ತೊಲೆಗಳನ್ನು ಹಾಕಿಸಿ ಎಂದು ಅವರ ಹಿಂದೆ ಬಿದ್ದಿದ್ದವನು ಅವಳ ಒಡಹುಟ್ಟಿದ ತಮ್ಮ.

ಗಂಡನನ್ನು ಬೀದಿಯವರೆಲ್ಲ ಲಟಕಪ್ಪ ಎಂದು ಕರೆಯುತ್ತಿದ್ದರು. ಮರ ಮುರಿಯುವಾಗ ಬರುವ ಸದ್ದೇ ಅವರಿಗೆ ಹೆಸರಾಗಿ ಅಂಟಿಕೊಂಡಿತ್ತು. ಬೆಳಿಗ್ಗೆ ಎದ್ದು ಮೈಮುರಿದು, ಸ್ನಾನ ಮುಗಿಸಿ, ಮರ ಮುರಿಯಲು ಹೊರಡುವರು. ಪರೀಕ್ಷಾಲಯದ ಉದ್ದನೆಯ ಶೆಡ್ಡಿನಲ್ಲಿ ಅವರ ಯಂತ್ರ. ಕೆಳಗೆ ಎರಡು ಆಸರೆ, ಮೇಲಿಂದ ಒತ್ತುವ ಉಕ್ಕಿನ ಮುಷ್ಟಿ, ಪಕ್ಕದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರದಂಥ ಫಲಕ. ಅದರಲ್ಲಿ ಎರಡು ಮುಳ್ಳು. ಕಪ್ಪು ಮುಳ್ಳು ಭಾರದೊಂದಿಗೆ ಮೇಲೇರಿ, ಮರ ಮುರಿದೊಡನೆ ಸೊನ್ನೆಗೆ ಬೀಳುತ್ತದೆ. ಅದು ತಳ್ಳಿಕೊಂಡು ಹೋದ ಕೆಂಪು ಮುಳ್ಳು ಮಾತ್ರ ಏರಿದಲ್ಲೇ ನಿಂತು, ಮರ ಎಷ್ಟು ತಾಳಿತೆಂದು ಸಾಕ್ಷಿ ಹೇಳುತ್ತದೆ. ನೀಲಗಿರಿ, ಅಕೇಶಿಯಾ, ರಬ್ಬರ್, ಸಿಲ್ವರ್ ಓಕ್, ಯಾವ ತೋಪಿನ ಮರ ಬಂದರೂ ಅವರ ಕೈಯಲ್ಲಿ ಅದಕ್ಕೆ ಒಂದೇ ಗತಿ. ಮೂಗು ಮುರಿಯುವವರು, ಮಾತು ಮುರಿಯುವವರು, ಕೂತಲ್ಲಿ ಲಟಿಗೆ ಮುರಿಯುವವರು ಎಲ್ಲ ಊರಲ್ಲೂ ಸಿಗುತ್ತಾರೆ; ಮುರಿದದ್ದಕ್ಕೆ ಸಂಬಳ ಪಡೆಯುತ್ತಿದ್ದವರು ಇವರೊಬ್ಬರೇ.

ಮುರಿದ ತುಂಡುಗಳನ್ನು ಎಸೆಯಲು ಮನಸ್ಸು ಬಾರದೆ ಸಂಜೆ ಚೀಲದಲ್ಲಿ ಹಾಕಿಕೊಂಡು ಬರುವರು. ಅವರ ಬೀದಿಯಲ್ಲಿ ಗಾಳಿಗೆ ಬಾಗಿಲು ಬಡಿದುಕೊಳ್ಳುವ ಮನೆಯೇ ಇರಲಿಲ್ಲ. ಪ್ರತಿ ಹೊಸ್ತಿಲಲ್ಲೂ ಲಟಕಪ್ಪನವರ ತುಂಡೊಂದು ಬಾಗಿಲಿಗೆ ಒತ್ತಾಗಿ ಕೂತಿರುತ್ತಿತ್ತು.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಗಂಡ ಮುರಿದು ತರುವುದು, ತಾನು ಹೊಲಿದು ಕೊಡುವುದು, ಹೀಗೆ ಸಂಸಾರದ ಲೆಕ್ಕ ಸಮವಾಗುತ್ತದೆ ಎಂದು ಗಿರಾಕಿಗಳ ಹತ್ತಿರ ಹೇಳುವಳು. ಮದುವೆಗೆ ಮುಂಚೆ ಅವಳನ್ನು ನೋಡಲು ಬಂದಾಗ ಈ ಮಹಾಶಯರು ಹುಡುಗಿಯನ್ನು ಒಂದು ಸಲ ನೋಡಿ, ಕಿಟಕಿಯ ಚೌಕಟ್ಟನ್ನು ಮೂರು ಸಲ ತಟ್ಟಿ ನೋಡಿದ್ದರು. "ಚೌಕಟ್ಟು ಒಪ್ಪಿಗೆಯಾಗಿ ನನ್ನನ್ನ ಕಟ್ಟಿಕೊಂಡ್ರು," ಎನ್ನುವುದು ಅವಳ ಹಳೆಯ ದೂರು. ದೂರುವಾಗ ಮುಖ ಮಾತ್ರ ಅರಳಿರುತ್ತಿತ್ತು.

ತಮ್ಮನದು ಮರದ ಪೆಟ್ಟಿಗೆಗಳ ಕಾರ್ಖಾನೆ. ಹಣ್ಣಿನ ಪೆಟ್ಟಿಗೆ, ಯಂತ್ರದ ಭಾಗ ತುಂಬುವ ಪೆಟ್ಟಿಗೆ, ಕೇಬಲ್ಲು ಸುತ್ತುವ ದೊಡ್ಡ ಉರುಳೆ. ಎಲ್ಲ ತೋಪಿನ ಮರದ್ದೇ. ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಅದು ಮುಟ್ಟುವ ಜಾಗ ಮುಟ್ಟಿದೊಡನೆ ಜನ ಸುತ್ತಿಗೆ ತೆಗೆದುಕೊಂಡು ಒಡೆಯುತ್ತಾರೆ. "ಅಕ್ಕ, ನಾನು ಮಾಡಿದ್ದನ್ನ ಜನ ಒಂದು ಸಲವಾದ್ರೂ ತಲೆ ಎತ್ತಿ ನೋಡಬೇಕು. ಒಂದು ಸೂರು, ಒಂದೇ ಒಂದು," ಎಂದು ಅವನು ಹೇಳುವಾಗ ಅವಳು ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದಳು. ಆ ಆಸೆಗಾಗಿ ಅವನು ಎಷ್ಟೋ ನೀಲಗಿರಿಯನ್ನು ಹಾಳು ಮಾಡಿಕೊಂಡಿದ್ದ. ಒಣಗುವಾಗ ಅದು ಹಾವಿನ ಹಾಗೆ ತಿರುಚಿಕೊಳ್ಳುತ್ತದೆ, ತುದಿಯಲ್ಲಿ ಸೀಳುತ್ತದೆ. ನಿಧಾನವಾಗಿ ಒಣಗಿಸಿ, ತಿರುಳಿನ ಭಾಗ ಬಿಟ್ಟು, ಗಂಟುಗಳನ್ನು ಕತ್ತರಿಸಿ ತೆಗೆದು, ಉಳಿದ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದರೆ ಒಂದು ದೊಡ್ಡ ತೊಲೆ. ಒಂದು ಹಲಗೆಯ ಬಲಹೀನತೆಯನ್ನು ಪಕ್ಕದ ಹಲಗೆ ಹೊತ್ತುಕೊಳ್ಳುತ್ತದೆ. "ಕೂಡು ಕುಟುಂಬ ಇದ್ದ ಹಾಗೆ," ಎಂದು ತಮ್ಮ ಹೇಳಿದರೆ, "ಕೂಡು ಕುಟುಂಬದಲ್ಲಿ ಇಷ್ಟು ಅಂಟು ಎಲ್ಲೋ ಇರುತ್ತೆ?" ಎನ್ನುವರು ಲಟಕಪ್ಪ.

ಕ್ಲಿನಿಕ್ಕಿನ ಸುದ್ದಿ ತಮ್ಮನಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೇರ ಮನೆಗೆ ಬಂದ.

"ಭಾವ, ಬೀಳೋಕೆ ನಿಮಗೆ ಬೇರೆ ಕುರ್ಚಿ ಸಿಗಲಿಲ್ವಾ?"

"ನಾನೆಲ್ಲಿ ಬಿದ್ದೆನೋ, ಅದು ಬೀಳಿಸ್ತು."

"ಬಿದ್ದಿರಿ, ಸರಿ. ತೋಪಿನ ಮರ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತಾ? ಅದೂ ಅವರ ಮುಂದೆ?"

"ಕೇಳಿದ್ರು, ಹೇಳ್ದೆ. ತೋಪಿನ ಮರಾನ ಕಾಡಿನ ಮರ ಅಂತ ಹೇಳೋಕಾಗುತ್ತಾ?"

"ಅಕ್ಕಾ, ನೋಡು ಇವರನ್ನ!"

ಅಕ್ಕ ನೋಡಿದಳು. ಗಂಡನನ್ನು ಗದರಿದರೆ ತಮ್ಮ ಗೆದ್ದ, ತಮ್ಮನನ್ನು ಗದರಿದರೆ ಗಂಡ ಗೆದ್ದರು. ಅವಳು ಹೊಲಿಗೆ ಯಂತ್ರವನ್ನೇ ಗಡಗಡ ತುಳಿದಳು.

ಆದರೆ ಅಧ್ಯಕ್ಷರು ವಿಚಿತ್ರ ಮನುಷ್ಯ. ನೆಲದ ಮೇಲೆ ಕೂತೂ ನಿಜ ಹೇಳಿದ ಆ ಆಸಾಮಿ ಅವರಿಗೆ ಹಿಡಿಸಿಬಿಟ್ಟಿದ್ದರು. ತಮ್ಮನನ್ನು ಕರೆಸಿ ಹೇಳಿದರು: "ಒಂದು ತೊಲೆ ಮಾಡಿ ತಗೊಂಡು ಬಾ. ಸೂರಿನ ಭಾರದ ಎರಡರಷ್ಟು ಹಾಕೋಣ. ತಡ್ಕೊಂಡು ನಿಂತರೆ ಅದೇ ತೊಲೆ ಮೊದಲು ಮೇಲೇರಲಿ, ಉಳಿದವನ್ನೂ ನೀನೇ ಮಾಡು. ಇಲ್ಲದಿದ್ರೆ ನಾನು, ನನ್ನ ಕಬ್ಬಿಣ. ಪರೀಕ್ಷೆ ನಿಮ್ಮ ಭಾವನೇ ಮಾಡಲಿ. ಅವರು ಸುಳ್ಳು ಹೇಳೋ ಪೈಕಿ ಅಲ್ಲ."

ತಮ್ಮ ಆ ತೊಲೆಯನ್ನು ತೊಲೆಯ ಹಾಗೆ ಮಾಡಲಿಲ್ಲ, ತೊಟ್ಟಿಲ ಹಾಗೆ ಮಾಡಿದ. ಅಂಚುಗಳನ್ನು ಸವರಿ ದುಂಡಗೆ ಮಾಡಿದ, ಎಣ್ಣೆ ಹಚ್ಚಿದ, ಕೈಯಾಡಿಸಿದ, ಮತ್ತೆ ಹಚ್ಚಿದ. ಜೇನಿನ ಬಣ್ಣ ಬಂದಿತ್ತು. ಪರೀಕ್ಷೆಯ ದಿನ ಅದನ್ನು ಹಾಸಿಗೆಯ ಮೇಲೆ ಮಲಗಿಸಿ ಲಾರಿಯಲ್ಲಿ ತಂದ.

ಶೆಡ್ಡಿನಲ್ಲಿ ಸಮಿತಿಯವರು ಸಾಲಾಗಿ ಕೂತರು, ಎಲ್ಲರೂ ತಂತಮ್ಮ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡು. ಹೆಂಡತಿ ಫ್ಲಾಸ್ಕು ಹಿಡಿದು ಕಂಬದ ಪಕ್ಕ ನಿಂತಳು. ಪರೀಕ್ಷಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಫಲಕದ ಗಾಜಿನ ಮೇಲೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದರು. "ಮುಳ್ಳು ಇಲ್ಲಿಗೆ ಬಂದ ತಕ್ಷಣ ನಿಲ್ಲಿಸಿ. ಗೊತ್ತಾಯ್ತಲ್ಲ?"

ಲಟಕಪ್ಪ ತಲೆಯಾಡಿಸಿ ಯಂತ್ರದ ಪಂಪು ಹಾಕಿದರು. ಅದರ ಆರ್ಭಟಕ್ಕೆ ಪಕ್ಕದವರ ಮಾತೂ ಕೇಳಿಸದು. ಮುಷ್ಟಿ ಇಳಿದು ತೊಲೆಯ ಬೆನ್ನು ಮುಟ್ಟಿತು. ಕಪ್ಪು ಮುಳ್ಳು ಕೆಂಪು ಮುಳ್ಳನ್ನು ಮುಂದಕ್ಕೆ ತಳ್ಳಿಕೊಂಡು ಹೊರಟಿತು. ಹೆಂಡತಿಗೆ ಒಂದು ಕಡೆ ತಮ್ಮನ ಬೆವರಿದ ಹಣೆ, ಇನ್ನೊಂದು ಕಡೆ ಗಂಡನ ಅರೆಮುಚ್ಚಿದ ಕಣ್ಣು. ತೊಲೆಯ ಕಡೆ ಕಿವಿಯೊಡ್ಡಿ ನಿಂತಿದ್ದ ಅವರ ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ.

ಮುಳ್ಳು ಗೆರೆ ಮುಟ್ಟಿತು. ತೊಲೆ ಕಮಕ್ ಕಿಮಕ್ ಎನ್ನಲಿಲ್ಲ. ಸಮಿತಿಯವರು ಚಪ್ಪಾಳೆ ತಟ್ಟಿದರು, ಎರಡೂ ಕೈ ಮೇಲೆತ್ತಿ ತಮ್ಮ ಕುಣಿದ.

ಮುಳ್ಳು ಗೆರೆ ದಾಟಿತು.

"ಸಾಕು!" ಎಂದರು ಮೇಡಂ. ಮುಳ್ಳು ಮುಂದೆ ಹೋಯಿತು. "ಭಾವ, ನಿಲ್ಸಿ! ಭಾವಾ!" ತಮ್ಮನ ಕುಣಿತ ಹಾಗೇ ಕುಣಿತವಾಗಿ ಮುಂದುವರಿಯಿತು, ಅರ್ಥ ಮಾತ್ರ ಬದಲಾಯಿತು. "ರೀ!" ಎಂದು ಹೆಂಡತಿ ಕಿರುಚಿದಳು. ಲಟಕಪ್ಪ ಅವಳ ಕಡೆ ತಿರುಗಿ ಮುಗುಳ್ನಕ್ಕು ಕೈಬೀಸಿದರು. ಮುರಿಯುವುದನ್ನೇ ಕೆಲಸ ಎಂದುಕೊಂಡ ಕೈ ಬೇರೇನು ಮಾಡೀತು? ಅದು ಸಾಮಾನ್ಯ ದಿನದಂತೆ ಒತ್ತುತ್ತಲೇ ಹೋಯಿತು.

ತೊಲೆ ಈಗ ಕಣ್ಣಿಗೆ ಕಾಣುವಂತೆ ಬಾಗಿತು. ಮೊದಲು ಸಣ್ಣಗೆ ಮುಲುಗಿತು. ಆಮೇಲೆ ಪಂಪಿನ ಸದ್ದನ್ನೂ ಮೀರಿ ಚಟಪಟ ಎಂದಿತು. ಎದುರು ಕೂತಿದ್ದವರು ಎದ್ದು ಹಿಂದೆ ಸರಿದರು. ಆದರೂ ಅದು ಬೀಳಲಿಲ್ಲ, ಇನ್ನೂ ಬಾಗಿತು, ಇನ್ನೂ ಕೂಗಿತು, ಕೊನೆಗೆ ಲಟಲಟಲಟ ಎಂದು, ಹೊಟ್ಟೆಯ ಕಡೆ ಮೊಳದುದ್ದದ ಸಿಬಿರುಗಳು ಎದ್ದು, ಮುರಿಯಿತು.

ಪಂಪು ನಿಂತಿತು. ಕಪ್ಪು ಮುಳ್ಳು ಸೊನ್ನೆಗೆ ಬಿತ್ತು. ತಮ್ಮ ನೆಲಕ್ಕೆ ಕುಸಿದ.

"ನನ್ನ ಮಗೂನ ಮುರಿದುಬಿಟ್ರಲ್ಲ ಭಾವ!"

ಅಧ್ಯಕ್ಷರು ಎದ್ದರು. ತೊಲೆಯ ಹತ್ತಿರ ಹೋಗಿ, ತೋಳು ಮಡಚಿ, ಮುರಿದ ಬಾಯಿಯೊಳಗೆ ಬೆರಳು ಹಾಕಿ ತಡವಿದರು. ಎಳೆದರು. ಕೀಳಲು ನೋಡಿದರು. ಹೆಂಡತಿಗೆ ಫ್ಲಾಸ್ಕಿನ ಮುಚ್ಚಳ ತಾನು ಯಾವಾಗ ಬಿಚ್ಚಿದೆನೆಂದೂ ತಿಳಿಯಲಿಲ್ಲ. ಚಹಾ ಪಾದದ ಮೇಲೆ ಸುರಿಯುತ್ತಿತ್ತು.

"ಅಂಟು ಎಲ್ಲೂ ಬಿಟ್ಟಿಲ್ಲ," ಎಂದರು ಅಧ್ಯಕ್ಷರು, ತಮಗೆ ತಾವೇ. "ಮರ ಹರಿದಿದೆ, ಅಂಟು ಬಿಟ್ಟಿಲ್ಲ! ಮೇಡಂ, ಕೆಂಪು ಮುಳ್ಳು ಎಲ್ಲಿದೆ?"

ಮೇಡಂ ಬಗ್ಗಿ ನೋಡಿದರು. "ನಾವು ಕೇಳಿದ್ದರ ಮೂರರಷ್ಟರ ಹತ್ತಿರ."

"ಆ ಕುರ್ಚಿ ಹೇಳದೆ ಕೇಳದೆ ಕೈಕೊಡ್ತು. ಇದು ಹೋಗೋ ಮುಂಚೆ ಎಷ್ಟು ಹೊತ್ತು ಕೂಗಿ ಹೇಳ್ತು ನೋಡಿ! ಇದರ ಕೆಳಗೆ ಕೂತವನು ಪುಸ್ತಕ ಮಡಚಿಟ್ಟು, ಚಪ್ಪಲಿ ಹಾಕ್ಕೊಂಡು, ಆರಾಮಾಗಿ ಮನೆಗೆ ಹೋಗಬಹುದು." ಅಧ್ಯಕ್ಷರು ತಮ್ಮನ ಕೈ ಹಿಡಿದು ಎಬ್ಬಿಸಿದರು. "ಏಳಪ್ಪ. ಇನ್ನೊಂದು ಮಾಡು. ಅಲ್ಲ, ಎಲ್ಲವನ್ನೂ ಮಾಡು. ಇದು ಗೆರೆ ಹತ್ರ ನಿಂತಿದ್ರೆ ಒಪ್ತಿದ್ದೆ, ಆದ್ರೆ ನಿದ್ದೆ ಬರ್ತಿರಲಿಲ್ಲ. ಈಗ ಬರುತ್ತೆ."

ತಮ್ಮ ಅಳುತ್ತಲೇ ನಕ್ಕ. ಹೋಗಿ ಭಾವನನ್ನು ಅಪ್ಪಿಕೊಂಡ. ಮುರಿದವರನ್ನೂ ಮುರಿಸಿಕೊಂಡವನನ್ನೂ ಒಟ್ಟಿಗೆ ನೋಡಿ ಹೆಂಡತಿಗೆ ಯಾರದೋ ಒಬ್ಬರ ಪಕ್ಷ ವಹಿಸಬೇಕಾದ ಕಷ್ಟ ತಪ್ಪಿತು.

ಆಮೇಲೆ ಮಾತು ಬೀದಿಯಲ್ಲಿ ಬೆಳೆಯಿತು, ನೀಲಗಿರಿಗಿಂತ ಬೇಗ. ಎಲ್ಲರೂ ಸಾಕೆಂದರೂ, ಭಾಮೈದನ ಕೆಲಸದ ಮೇಲಿನ ನಂಬಿಕೆಯಿಂದ ಲಟಕಪ್ಪ ಕೊನೆಯವರೆಗೂ ಹೋದರಂತೆ! ತಮ್ಮನೇ ಅದನ್ನು ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗಿದ. ಹೆಂಡತಿಯೂ ಬಟ್ಟೆಯ ಅಳತೆ ತೆಗೆಯುತ್ತ, ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಲಟಕಪ್ಪ ಮಾತ್ರ ವಿಷಯ ಬಂದಾಗಲೆಲ್ಲ ತಲೆ ಕೆರೆದುಕೊಂಡು ಎದ್ದು ಹೋಗುತ್ತಿದ್ದರು. "ದೊಡ್ಡತನ ಅಂದ್ರೆ ಇದು," ಎಂದು ಜನ ಅದನ್ನೂ ಅವರ ಖಾತೆಗೇ ಹಾಕಿದರು.

ವಾಚನಾಲಯ ತೆರೆದ ದಿನ ಒಳಗೆ ಬಂದವರಾರೂ ಪುಸ್ತಕದ ಕಡೆ ನೋಡಲಿಲ್ಲ. ಎಲ್ಲರ ಕತ್ತು ಮೇಲಕ್ಕೆ. ಜೇನಿನ ಬಣ್ಣದ ತೊಲೆಗಳು ಗೋಡೆಯಿಂದ ಗೋಡೆಗೆ ಕೈಚಾಚಿ ನಿಂತಿದ್ದವು. ಬಾಗಿಲಲ್ಲಿ ನಿಂತ ತಮ್ಮ, ಮೇಲೆ ನೋಡುತ್ತ ಬಂದ ಒಬ್ಬೊಬ್ಬರೂ ತನಗೆ ಡಿಕ್ಕಿ ಹೊಡೆದಾಗಲೂ, "ಪರವಾಗಿಲ್ಲ, ಪರವಾಗಿಲ್ಲ, ನೋಡಿ, ನೋಡಿ," ಎನ್ನುತ್ತಿದ್ದ.

ಅಧ್ಯಕ್ಷರು ಮೈಕು ಹಿಡಿದು, ಪರೀಕ್ಷೆಯ ಕತೆಯನ್ನು ಕೈ, ಮೀಸೆ ಎರಡನ್ನೂ ಬಳಸಿ ವರ್ಣಿಸಿ, ಲಟಕಪ್ಪನವರನ್ನು ವೇದಿಕೆಗೆ ಕರೆದರು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ಬೆನ್ನು ನೆಟ್ಟಗೆ ಮಾಡಿ, ಅಕ್ಕಪಕ್ಕದವರೆಲ್ಲ ತನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡಳು. ನೋಡುತ್ತಿದ್ದರು.

"ಎಲ್ಲರ ಮುಂದೆ ಒಂದು ಮಾತು ಕೇಳ್ತೀನಿ," ಎಂದರು ಅಧ್ಯಕ್ಷರು. "ಮುಳ್ಳು ಗೆರೆ ದಾಟಿತ್ತು. ನಾವೆಲ್ಲ ಕೂಗ್ತಾ ಇದ್ವಿ. ನಿಮ್ಮ ಭಾಮೈದನ ಕನಸೇ ಆ ತೊಲೆ ಮೇಲಿತ್ತು. ಆದರೂ ನಿಲ್ಲಿಸದೆ ಮುಂದೆ ಹೋದಿರಿ. ಅಷ್ಟು ಧೈರ್ಯ ಎಲ್ಲಿಂದ ಬಂತು?"

ಲಟಕಪ್ಪ ಮೈಕನ್ನು ಒಮ್ಮೆ ತಟ್ಟಿ ನೋಡಿದರು.

"ಧೈರ್ಯ ಏನಿಲ್ಲ ಸಾರ್," ಎಂದರು. "ಆವತ್ತು ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ. ಗೆರೆ ಎಲ್ಲಿದೆ, ಮುಳ್ಳು ಎಲ್ಲಿದೆ, ಒಂದೂ ಕಾಣ್ತಿರಲಿಲ್ಲ. ನೀವೆಲ್ಲ ಖುಷಿಗೆ ಕೂಗ್ತಿದ್ದೀರಿ ಅಂದ್ಕೊಂಡೆ."