ಕಾಲೆತ್ತಬ್ಯಾಡ ಅಂತ ಯೇಳು ಅವನ್ಗೆ

ನಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಲ್ಲೇ, ಸುಳ್ಳೇಕೆ ಹೇಳಲಿ. ಅಂಥವರಿಬ್ಬರನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು ಅಮ್ಮ ಹೇಗೆ ಸಂಭಾಳಿಸಿದಳೋ, ಈಗ ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಪಾಂಡವಪುರದಲ್ಲಿ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ನಾನು ಮೊದಲ ವರ್ಷದ ಪಿಯುಸಿ ಓದಲು ದಿನಾ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆ. ಹೋಗುತ್ತಿದ್ದೆ ಅಂತ ಮನೆಯವರು ನಂಬಿದ್ದರು. ವಾರದಲ್ಲಿ ಎರಡು ದಿನ ನಾನು ಬಸ್ಸೇ ಹತ್ತುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗ್ಯಾರೇಜಿತ್ತು, ಅಲ್ಲಿ ಹೋಗಿ ಇಂಜಿನ್ನುಗಳ ಮುಂದೆ ಕೂತುಬಿಡುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ ಅಪ್ಪ ಬೆಳಗಿನ ಪಾಳಿ ಮುಗಿಸಿ ಅದೇ ದಾರಿಯಲ್ಲಿ ಬಂದುಬಿಟ್ಟ. ಜೀಪಿನ ಕೆಳಗಿಂದ ಆಚೆ ಚಾಚಿಕೊಂಡಿದ್ದ ನನ್ನ ಕಾಲುಗಳನ್ನು ನೋಡಿ ಗುರುತು ಹಿಡಿದ. ಎಳೆದು ನಿಲ್ಲಿಸಿ, ಗ್ಯಾರೇಜಿನವರು, ಬಸ್ಸಿಗೆ ಕಾಯುತ್ತಿದ್ದವರು, ನನ್ನ ಕ್ಲಾಸಿನ ಇಬ್ಬರು ಹುಡುಗಿಯರು, ಎಲ್ಲರ ಎದುರಿಗೆ ಕೆನ್ನೆಗೆ ಬಾರಿಸಿದ. "ಇಪ್ಪತ್ತು ವರ್ಸ ನಾನು ಗ್ರೀಸಲ್ಲಿ ಕೈ ಅದ್ಕೊಂಡಿರದು ನೀನೂ ಅದ್ಲಿ ಅಂತಲ್ಲ ಕಣ್ಲಾ" ಅಂದ. ಆ ಮಾತಿನಲ್ಲಿ ಎಷ್ಟು ಸಂಕಟ ಇತ್ತು ಅನ್ನುವುದು ನನಗೆ ಅರ್ಥವಾಗಲು ನನ್ನ ಮಗ ಹುಟ್ಟಬೇಕಾಯಿತು. ಅವತ್ತು ನನಗೆ ಕೇಳಿದ್ದು ಆ ಹುಡುಗಿಯರು ಕಿಸಕ್ಕನೆ ನಕ್ಕಿದ್ದು ಮಾತ್ರ.

ಅವತ್ತಿಂದ ಅಪ್ಪನ ಜೊತೆ ಮಾತು ಬಿಟ್ಟೆ.

ನಮ್ಮ ಕಡೆ ಮಾತು ಬಿಡುವುದು ಅಂದರೆ ಹುಡುಗಾಟವಲ್ಲ. ನಮ್ಮ ತಾತನೂ ಅವರ ತಮ್ಮನೂ ಒಂದೇ ಜಗಲಿಯ ಎರಡು ತುದಿಯಲ್ಲಿ ಕೂತುಕೊಂಡು ಹನ್ನೊಂದು ವರ್ಷ ಮಾತಾಡದೆ ಇದ್ದವರು. ಏನಾದರೂ ಹೇಳುವುದಿದ್ದರೆ ಮಧ್ಯೆ ಒಬ್ಬರನ್ನು ನಿಲ್ಲಿಸಿಕೊಂಡು, "ಅವನ್ಗೆ ಯೇಳು" ಅನ್ನುವುದು. ರಕ್ತದಲ್ಲೇ ಬಂದದ್ದು, ನಾನೇನು ಮಾಡಲಿ. ಅಪ್ಪನೂ ಬಗ್ಗಲಿಲ್ಲ. ಮಧ್ಯೆ ನಿಲ್ಲುವ ಕೆಲಸ ಅಮ್ಮನ ಪಾಲಿಗೆ ಬಂತು.

ಅಮ್ಮ ಆ ಕೆಲಸವನ್ನು ತನ್ನದೇ ರೀತಿಯಲ್ಲಿ ಮಾಡಿದಳು. ಅಪ್ಪ "ಆ ಕತ್ತೆ ತಿಂತಾ ಇಲ್ವಾ?" ಅಂದರೆ ನನ್ನ ಹತ್ತಿರ ಬಂದು, "ಮಗಾ, ನಿಮ್ಮಪ್ಪ ಊಟ ಮಾಡ್ದೆ ಕೂತವ್ನಲ್ಲ ಅಂತ ನೊಂದ್ಕತಾವ್ರೆ" ಅನ್ನುತ್ತಿದ್ದಳು. ನಾನು "ಅವರ ಕೆಲಸ ಅವರು ನೋಡ್ಕೊಳ್ಳಲಿ" ಅಂದರೆ ಅಡುಗೆಮನೆಯಿಂದ ಆಚೆ ಹೋಗಿ, "ನೀವು ಸುಸ್ತಾಗಿದೀರಂತೆ, ಮೊದ್ಲು ನೀವು ಉಣ್ಬೇಕಂತೆ" ಅನ್ನುತ್ತಿದ್ದಳು. ಗೋಡೆಯಾಚೆ ನನಗೆ ಕೇಳುತ್ತಲೇ ಇರುತ್ತಿತ್ತು. ಏನು ಹೇಳಿ ಕಳಿಸಿದರೂ ಬೆಲ್ಲ ಹಾಕಿಯೇ ತಲುಪಿಸುವವಳು. ಹೊಡೆತ ಬಿದ್ದ ದಿನ ಸಂಜೆಯೂ ಅಕ್ಕಿ ಆರಿಸುತ್ತಾ ಕೂತವಳು ನನ್ನನ್ನು ಕರೆದು, "ನಿಮ್ಮಪ್ಪ ತಪ್ಪಾಯ್ತು ಕಣೇ ಅಂದ್ರಪ್ಪ" ಅಂದಿದ್ದಳು. ನನಗೆ ರೇಗಿಹೋಯಿತು. "ಹೋಗಮ್ಮ, ಆ ಬಾಯಲ್ಲಿ ಆ ಮಾತು ಬರುತ್ತಾ? ನೀನೇ ಸೇರಿಸಿದ್ದು" ಅಂದೆ. ಅವಳು ಮೊರ ಕೊಡವಿದಳು.

ಗೌರಿಹಬ್ಬ ಕಳೆದು ಹದಿನೈದು ದಿನಕ್ಕೆ ಅಪ್ಪ ಬಿಂಡಿಗನವಿಲೆಗೆ ಹೋದ. ಅಲ್ಲಿ ಅವನ ಸೋದರಮಾವನ ಮನೆ. ಸಂಜೆ ಬರುವಾಗ ಹಿಂದೆ ಒಂದು ಟ್ರಾಕ್ಟರು, ಟ್ರಾಕ್ಟರಿಗೆ ಹಗ್ಗ, ಹಗ್ಗದ ತುದಿಗೆ ಒಂದು ಕಾರು. ಲ್ಯಾಂಡ್‌ಮಾಸ್ಟರ್. ಅಂಬಾಸಿಡರ್ ಕಾರಿನ ಅಣ್ಣ ಅನ್ನಬಹುದು, ಅದಕ್ಕಿಂತ ಮೊದಲು ಬಂದದ್ದು. ಕುರಿ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತಂತೆ. ಮಾವ "ತಗೊಂಡೋಗು, ನಾಕು ಕುರಿಗೆ ಜಾಗ ಆಯ್ತದೆ" ಅಂದರಂತೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತ ಗುರುತು ಇನ್ನೂ ಹಾಗೇ ಇತ್ತು. ಅಪ್ಪ ಅದನ್ನು ನಮ್ಮ ಮನೆ ಪಕ್ಕದ ಶೀಟಿನ ಶೆಡ್ಡಿಗೆ ತಳ್ಳಿಸಿ, ಕೈ ಒರೆಸಿಕೊಂಡು, ಅಮ್ಮನಿಗೆ ಹೇಳಿದ: "ಭಾನುವಾರ ಬಿಡುವಿದ್ರೆ ಬಂದು ಕೈ ಹಾಕ್ಲಿ ಅಂತ ಯೇಳು. ಕಾಲೇಜು ತಪ್ಪುಸ್ದೆ."

ನಾನು ಹೋಗಬಾರದು ಅಂತಲೇ ಇದ್ದೆ. ಶನಿವಾರವೇ ಹೋದೆ. ಬಾನೆಟ್ ಎತ್ತಿ ಒಳಗೆ ನೋಡಿದ ಮೇಲೆ ನನ್ನ ರೋಷವೆಲ್ಲ ಎಲ್ಲಿ ಹೋಯಿತೋ.

ಆ ನಾಲ್ಕು ತಿಂಗಳಿನಷ್ಟು ಸುಖವಾದ ಭಾನುವಾರಗಳು ನನ್ನ ಜೀವಮಾನದಲ್ಲಿ ಮತ್ತೆ ಬರಲಿಲ್ಲ. ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ತೊಳೆದೆವು. ಉಪ್ಪುಕಾಗದ ಹಾಕಿ ತುಕ್ಕು ಉಜ್ಜಿ ಉಜ್ಜಿ ನನ್ನ ಬೆರಳಿನ ಚರ್ಮ ಹೋಯಿತು. ಒಂದು ಬಾಗಿಲಿನ ಹಿಡಿ ಸಿಗದೆ ಕೆ.ಆರ್.ಪೇಟೆಯ ಗುಜರಿ ಅಂಗಡಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಹೋಗಿಬಂದೆವು. ಅಮ್ಮ ಸೀಟಿಗೆ ಬೂರುಗದ ಹತ್ತಿ ತುಂಬಿ ಹೊಲಿದಳು. ದೇವರ ಪಾತ್ರೆ ಬೆಳಗಿದ ಹಾಗೆ ಬಂಪರಿಗೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಗೀರು ಗೀರು ಮಾಡಿಟ್ಟಳು. ಅಪ್ಪ ಸ್ಪ್ಯಾನರಿಗೆ ಕೈ ಚಾಚಿದರೆ ಬೇಕಾದ ನಂಬರು ನಾನು ಕೊಡುತ್ತಿದ್ದೆ. ಇಂಜಿನ್ನು ಮೊದಲ ಸಲ ಕೆಮ್ಮಿ ಎದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು, ಆಮೇಲೆ ನೆನಪಾಗಿ ಮುಖ ತಿರುಗಿಸಿಕೊಂಡೆವು. ಇಷ್ಟಾದರೂ ಒಂದು ಮಾತಿಲ್ಲ. ಅಷ್ಟು ಹೊತ್ತಿಗೆ ನನಗೆ ಮಾತಾಡಬೇಕು ಅನ್ನಿಸಿತ್ತು, ಖಂಡಿತ ಅನ್ನಿಸಿತ್ತು. ಆದರೆ ಮೊದಲು ಬಾಯಿ ಬಿಡುವವರು ಯಾರು? ತಪ್ಪಾಯ್ತು ಅಂತ ಅವನು ಒಂದು ಸಲ ಅನ್ನಲಿ ಅಂತ ನಾನು ಕಾದಿದ್ದೆ.

ಎಲ್ಲಾ ಮುಗಿದು ಬ್ರೇಕು ಉಳಿಯಿತು. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದ್ದರೆ ಬ್ರೇಕು ಹಿಡಿಯುವುದಿಲ್ಲ, ಅದನ್ನು ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಪೆಡಲನ್ನು ನಾಲ್ಕಾರು ಸಲ ಒತ್ತಿ ಒತ್ತಿ ತುಳಿದು ಹಿಡಿದುಕೊಳ್ಳಬೇಕು. ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹತ್ತಿರದ ಸಣ್ಣ ತಿರುಪು ಬಿಚ್ಚಿದರೆ ಎಣ್ಣೆಯ ಜೊತೆ ಗಾಳಿ ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ಅವನು ತಿರುಪು ಬಿಗಿ ಮಾಡುವವರೆಗೆ ಮೇಲಿನವನು ಕಾಲೆತ್ತಕೂಡದು. ಎತ್ತಿದರೆ ಹೋದ ಗಾಳಿ ವಾಪಸ್ಸು ಒಳಗೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ನನ್ನ ಕೈಗೆ ಕೊಟ್ಟಿರಲಿಲ್ಲ.

ಅವತ್ತು ಭಾನುವಾರ. ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ, ಭಾನುವಾರ ಬಂದರೆ ಅದರ ಸದ್ದು ಹೇಳತೀರದು. ಅಪ್ಪ ಹಿಂದಿನ ಚಕ್ರದ ಕೆಳಗೆ, ನಾನು ಸ್ಟೀರಿಂಗಿನ ಮುಂದೆ, ಮಧ್ಯೆ ಕಾರಿನ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಅಮ್ಮ. ಅಪ್ಪ ಕೆಳಗಿಂದ ಏನೋ ಹೇಳಿದ. ಅಮ್ಮ ಬಗ್ಗಿ ಕೇಳಿಸಿಕೊಂಡು ಬಂದು ಕಿಟಕಿಯಲ್ಲಿ ಮುಖ ಇಟ್ಟು ಹೇಳಿದಳು: "ತುಳ್ದು ಇಡ್ಕೊಬೇಕಂತೆ ಮಗಾ. ಕಾಲು ನೋವಾದ್ರೆ ಎತ್ಕೊಂಬುಡಬೇಕಂತೆ."

ನಾನು ಹಾಗೇ ಮಾಡಿದೆ. ತುಳಿದೆ, ಕಾಲು ನೋಯಿತು, ಎತ್ತಿದೆ. ಅಪ್ಪ ಕೆಳಗಿಂದ ಮತ್ತೇನೋ ಕೇಳಿದ. ಅಮ್ಮ "ಗಟ್ಟಿಯಾಗಿ ಇಡ್ಕಂಡವ್ನೆ ಬುಡಿ, ಎತ್ತೇ ಇಲ್ಲ" ಅಂದಳಂತೆ. ನಾಲ್ಕು ಚಕ್ರವೂ ಹೀಗೇ ಆಯಿತು. ಕೊನೆಗೆ ಪೆಡಲು ಸ್ವಲ್ಪ ಮೆತ್ತಗಿತ್ತು. ಮನೆ ಮುಂದೆ ಓಡಿಸಿ ನಿಲ್ಲಿಸಿದಾಗ ನಿಂತಿತು. ಹಳೇ ಗಾಡಿ, ಇಷ್ಟಿದ್ದರೆ ಸಾಕು ಅಂದುಕೊಂಡನೋ ಏನೋ ಅಪ್ಪ.

ಮರುದಿನ ಇಬ್ಬರಿಗೂ ರಜೆ. ಬೆಳಿಗ್ಗೆ ಗಂಜಾಂಗೆ ಹೊರಟೆವು, ನಿಮಿಷಾಂಬಾ ದೇವಸ್ಥಾನದಲ್ಲಿ ಕಾರಿನ ಪೂಜೆ. ಅಮ್ಮ ಬೇಕಂತಲೇ ನನ್ನನ್ನು ಮುಂದೆ ಕೂರಿಸಿ, ತಾನು ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ, ಬೂದುಗುಂಬಳಕಾಯಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ರಾಗಿ ಕಟಾವಿನ ಕಾಲ. ದಾರಿಯುದ್ದಕ್ಕೂ ಜನ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿದ್ದರು, ಬಸ್ಸು ಲಾರಿ ಹತ್ತಿ ಇಳಿದು ಒಕ್ಕಣೆ ಆಗಲಿ ಅಂತ. ನಾಲೆ ಏರಿ ಹತ್ತಿ ಆ ಕಡೆ ಇಳಿಯತೊಡಗಿದೆವು. ಇಳಿಜಾರಿನ ಕೆಳಗೆ ಕಬ್ಬಿನ ಎತ್ತಿನಗಾಡಿಯೊಂದು ರಸ್ತೆ ತುಂಬಾ ಹೋಗುತ್ತಿತ್ತು.

ಅಪ್ಪ ಬ್ರೇಕು ತುಳಿದ. ಪೆಡಲು ತಳ ಮುಟ್ಟಿತು, ಕಾರು ಓಡುತ್ತಲೇ ಇತ್ತು. ಅಪ್ಪನ ಮುಖ ಬಿಳುಚಿಕೊಂಡಿದ್ದನ್ನು ನೋಡಿದೆ. ನಾನು ಅವನ ಮಗ್ಗುಲಲ್ಲೇ, ಒಂದು ಗೇಣು ದೂರದಲ್ಲಿ ಕೂತಿದ್ದೇನೆ. ಆ ಮನುಷ್ಯ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಅಮ್ಮನಿಗೆ ಹೇಳಿದ: "ಬ್ರೇಕು ಇಡೀತಿಲ್ಲ ಅಂತ ಯೇಳೇ ಅವನ್ಗೆ."

ಅಮ್ಮ ಅಭ್ಯಾಸಬಲದಿಂದ ಶುರು ಮಾಡಿದಳು. "ಗಾಬ್ರಿ ಬೀಳ್ಬ್ಯಾಡವಂತೆ ಕಣಪ್ಪ, ಬ್ರೇಕು ಒಸಿ..."

"ಅಪ್ಪಾ, ಎತ್ತೆತ್ತಿ ತುಳಿ!" ಅಂದೆ. ಕೂಗಿದೆ ಅನ್ನಬೇಕು. "ಗೇರು ಇಳಿಸು. ಎಡಕ್ಕೆ ತಗೋ, ಅಲ್ಲಿ ಹುಲ್ಲೈತೆ."

ನಾನು ಹೇಳಿದ ಹಾಗೇ ಅಪ್ಪ ಮಾಡಿದ. ನಾಲ್ಕನೇ ತುಳಿತಕ್ಕೆ ಬ್ರೇಕು ಸ್ವಲ್ಪ ಹಿಡಿಯಿತು. ಕಬ್ಬಿನ ಗಾಡಿಯನ್ನು ಮೊಳದಷ್ಟು ದೂರದಲ್ಲಿ ದಾಟಿ, ರಸ್ತೆ ಬದಿ ಒಟ್ಟಿದ್ದ ರಾಗಿ ಹುಲ್ಲಿನ ರಾಶಿಯೊಳಕ್ಕೆ ಕಾರು ಮೂತಿ ತೂರಿಸಿ ನಿಂತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಕುಂಬಳಕಾಯಿ ಉರುಳಿ ಅಮ್ಮನ ಕಾಲ ಮೇಲೆ ಬಿತ್ತು ಅಷ್ಟೆ. ತೆನೆ ಎಳೆದು ಹಾಕುತ್ತಿದ್ದ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತು, "ರಸ್ತೆ ಮೇಲೆ ತುಳುಸ್ರಪ್ಪ ಅಂತ ಹರಡಿದ್ರೆ ಮೆದೆಗೇ ನುಗ್ಸುದ್ರಲ್ಲ" ಅಂದಳು.

ಅಪ್ಪ ಇಂಜಿನ್ನು ಆಫ್ ಮಾಡಿದ. ಆಮೇಲೆ ನನ್ನ ಕಡೆ ತಿರುಗಿದ. "ಕಾಲೆತ್ತಿದ್ಯೇನ್ಲಾ ನೆನ್ನೆ?"

"ನೋವಾದ್ರೆ ಎತ್ತು ಅಂದ್ಯಂತಲ್ಲ."

"ನಾನೆಲ್ಲಿ ಅಂದೆ? ಎತ್ತಿದ್ರೆ ಕಾಲು ಮುರೀತೀನಿ ಅಂತ ಯೇಳು ಅಂದೆ."

ಇಬ್ಬರೂ ಹಿಂದಕ್ಕೆ ತಿರುಗಿ ನೋಡಿದೆವು. ಅಮ್ಮ ಕುಂಬಳಕಾಯಿ ಎತ್ತಿಕೊಂಡು, "ಅಂಗಂತ ಯೇಳಿದ್ರೆ ಅವ್ನು ಶೆಡ್ಡಲ್ಲಿ ನಿಲ್ತಿದ್ನಾ?" ಅಂದಳು. ಒಂದಿಷ್ಟೂ ನಾಚಿಕೆಯಿಲ್ಲ.

ಫಿಟ್ಟರು ಅಂದಮೇಲೆ ಸ್ಪ್ಯಾನರು, ಎಣ್ಣೆ ಡಬ್ಬಿ ಇಲ್ಲದೆ ಎಲ್ಲಿಗೂ ಹೊರಡುವವನಲ್ಲ. ಅಲ್ಲೇ ಬೇವಿನ ಮರದ ಕೆಳಗೆ ಕಾರು ತಳ್ಳಿ ಮತ್ತೆ ಶುರು ಮಾಡಿದೆವು. ಅಮ್ಮ ಹತ್ತಿರ ಬಂದಳು. ಅಪ್ಪ, "ನೀನು ಅಲ್ಲೇ ಕೂತ್ಕೊ ತಾಯಿ" ಅಂತ ಕೈಮುಗಿದ.

"ತುಳಿ."

"ತುಳ್ದೆ."

"ಇಡ್ಕೊ."

"ಇಡ್ಕಂಡಿವ್ನಿ."

"ಬುಡು."

ಐದು ತಿಂಗಳಲ್ಲಿ ಜಗಳವಿಲ್ಲದೆ ನಾವಾಡಿದ ಮೊದಲ ಮಾತುಕತೆ ಇಷ್ಟೇ, ಇದನ್ನೇ ಮೂರು ಚಕ್ರಕ್ಕೆ ಹೇಳಿಕೊಂಡೆವು. ನನಗಂತೂ ಸಾಕು ಅನ್ನಿಸಲಿಲ್ಲ. ನಾಲ್ಕನೇ ಚಕ್ರಕ್ಕೆ ಅಪ್ಪ ಕೆಳಗೆ ತೂರಿಕೊಂಡಾಗ, ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಮರದ ಕೆಳಗೆ ಕೂತಿದ್ದ ಅಮ್ಮನಿಗೆ ಕೇಳಿದೆ: "ಹಂಗಾದ್ರೆ ಅವರು ಅಂದ್ರು, ಅವರು ನೊಂದ್ಕೊಂಡ್ರು ಅಂತ ಐದು ತಿಂಗಳು ಹೇಳಿದ್ದೆಲ್ಲ ನೀನೇ ಮಾಡಿದ್ದಾ?"

"ಊಂ" ಅಂದಳು. "ಊಟ ಮಾಡು ಅಂದಿದ್ದು ನಾನೇ. ಸ್ವೆಟ್ರು ಹಾಕೊ ಅಂದಿದ್ದು ನಾನೇ." ಕಾರಿನ ಕೆಳಗೆ ಕಾಣುತ್ತಿದ್ದ ಅಪ್ಪನ ಕಾಲುಗಳ ಕಡೆ ನೋಡಿದಳು. "ತಪ್ಪಾಯ್ತು ಅಂದಿದ್ದು ಮಾತ್ರ ಅವ್ರೇ ಕಣಪ್ಪ. ಅದೊಂದ್ರಲ್ಲಿ ನಂದೇನೂ ಇಲ್ಲ. ನೀನು ನಂಬ್ಲಿಲ್ಲ."

ಅಪ್ಪ ಹೊಡೆದ ದಿನವೇ ಅಂದಿದ್ದ. ಅವನು ಅನ್ನಲಿ ಅಂತ ನಾನು ಐದು ತಿಂಗಳು ಕಾದೆ, ಅವನೋ ಅಂದು ಮುಗಿಸಿ ನನ್ನ ಉತ್ತರಕ್ಕೆ ಐದು ತಿಂಗಳು ಕಾದಿದ್ದ.

"ಅಪ್ಪ" ಅಂದೆ.

ಕೆಳಗಿಂದ ದನಿ ಬಂತು. "ಇಡ್ಕಂಡಿದ್ಯಾ?"

"ಇಡ್ಕಂಡಿವ್ನಿ."

"ಅಂಗೇ ಇರು."

ಸ್ಪ್ಯಾನರು ತಿರುಪು ಬಿಗಿ ಮಾಡಿದ ಸದ್ದು ಕೇಳಿಸಿತು. ಕೆಲಸ ಮುಗಿದಿತ್ತು, ಇನ್ನು ಬುಡು ಅನ್ನಬೇಕಿತ್ತು. ಅಪ್ಪ ಅನ್ನಲಿಲ್ಲ, ಆಚೆಗೂ ಬರಲಿಲ್ಲ. ತುಂಬಾ ಹೊತ್ತು ಅಲ್ಲೇ ಮಲಗಿದ್ದ. ನನ್ನ ಕಾಲು ಜೋಮು ಹಿಡಿಯಿತು. ನಾನು ಕಾಲೆತ್ತಲಿಲ್ಲ.